ಇಬ್ಬರೇ ಶಾಸಕರಿರುವ ಜಿಲ್ಲೆಯಲ್ಲಿ ರಾಜಕೀಯ ಪ್ರಹಸನ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕೊಡಗಿನ ಒಂದು ಹವ್ಯಾಸಿ ತಂಡ ಹಗರಣದಲ್ಲಿ ಸಿಕ್ಕಿಬಿದ್ದ ರಾಜಕಾರಣಿಗಳ ಬಗ್ಗೆ ನಗೆನಾಟಕ ಕಟ್ಟಿ ಆಡಿದ ಪ್ರಕರಣ ಇದು. ತಾಲೀಮಿನಿಂದ ಹಿಡಿದು ಪ್ರದರ್ಶನಗಳವರೆಗೆ ನಾನು ಅವರ ಜೊತೆ ಓಡಾಡಿದ್ದೇನೆ. ತಂಡದ ಹೆಸರು, ಊರು, ನಾಟಕದ ಹೆಸರು ಯಾವುದನ್ನೂ ಹೇಳುವುದಿಲ್ಲ. ಯಾರ ಗುರುತೂ ಸಿಗದ ಹಾಗೆ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಸಣ್ಣ ಊರಿನಲ್ಲಿ ಇಂಥ ನಾಟಕ ಆಡಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ತಂಡದಲ್ಲಿ ಒಬ್ಬ ಬ್ಯಾಂಕ್ ನೌಕರ, ಒಬ್ಬರು ಸರ್ಕಾರಿ ಶಾಲೆಯ ಮೇಷ್ಟ್ರು, ಇಬ್ಬರು ಕಾಫಿ ಬೆಳೆಗಾರರು, ಹೋಂಸ್ಟೇ ನಡೆಸುವ ಒಬ್ಬ ಹೆಂಗಸು, ಬಾಡಿಗೆ ಜೀಪ್ ಓಡಿಸುವ ಒಬ್ಬ, ಕಾಲೇಜಿನ ನಾಲ್ಕೈದು ಮಕ್ಕಳು ಇದ್ದರು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು: ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ. ತಾಲೀಮಿಗೆ ಬಂದರೆ ಎಲ್ಲರದೂ ಕನ್ನಡ.

ಕಥೆಯ ಎಳೆ ಸಿಕ್ಕಿದ್ದು ಕೊಡಗಿನಲ್ಲೇ. 2017ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಶಾಸಕರ ಒಂದು ಗುಂಪು ಇಲ್ಲಿನ ರೆಸಾರ್ಟ್‌ನಲ್ಲಿ ಬಂದು ಉಳಿದಿತ್ತು. ಆಗಲೇ ಅಲ್ಲಿನ ಸ್ಪೀಕರ್ 18 ಮಂದಿ ಶಾಸಕರನ್ನು ಅನರ್ಹಗೊಳಿಸಿದರು. ಮಳೆ, ಮಂಜು, ಗೇಟಿನ ಹೊರಗೆ ಟಿವಿ ಕ್ಯಾಮೆರಾ, ಒಳಗೆ ಬಾಗಿಲು ಹಾಕಿಕೊಂಡ ಶಾಸಕರು. ಪ್ರಹಸನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಎರಡನೇ ಎಳೆ ಬೆಂಗಳೂರಿನದು. ಕರ್ನಾಟಕದಲ್ಲಿ ವಿಡಿಯೋ ಹಗರಣಗಳಿಗೆ ಬರ ಇಲ್ಲ. 2012ರ ಫೆಬ್ರವರಿಯಲ್ಲಿ ಸದನದೊಳಗೆ ಅಶ್ಲೀಲ ವಿಡಿಯೋ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. 2016ರ ಡಿಸೆಂಬರ್‌ನಲ್ಲಿ ಒಬ್ಬರು, 2021ರ ಮಾರ್ಚ್‌ನಲ್ಲಿ ಇನ್ನೊಬ್ಬರು ಹೋದರು. ಆ 2021ರ ರಾಜೀನಾಮೆಯ ಬೆನ್ನಿಗೇ ಬೇರೆ ಆರು ಸಚಿವರು ಕೋರ್ಟಿಗೆ ಹೋದರು. ತಮ್ಮ ಮಾನಕ್ಕೆ ಧಕ್ಕೆ ಬರುವಂಥದ್ದನ್ನು ಮಾಧ್ಯಮಗಳು ಪ್ರಸಾರ ಮಾಡಬಾರದು ಅಂತ ತಡೆಯಾಜ್ಞೆ ತಂದರು. ಅವರ ಬಗ್ಗೆ ಆಗ ಯಾವ ವಿಡಿಯೋವೂ ಹೊರಗೆ ಬಂದಿರಲಿಲ್ಲ. ನಾಟಕ ಬರೆದ ಹುಡುಗಿ ಈ ಸುದ್ದಿಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಳು.

ಹೀಗೆ ಕಥೆ ಆಯಿತು: ಮಳೆಗಾಲದಲ್ಲಿ ಒಂದು ಹೋಂಸ್ಟೇ. ಮೂರು ಪಕ್ಷದ ಮೂವರು ನಾಯಕರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಅಲ್ಲಿ ಉಳಿದಿದ್ದಾರೆ. ಸಿಸಿಟಿವಿಯಲ್ಲಿ ಏನೋ ಸಿಕ್ಕಿದೆಯಂತೆ ಅಂತ ಸುದ್ದಿ ಹಬ್ಬುತ್ತದೆ. ಯಾರದ್ದು, ಏನು ಅಂತ ಯಾರಿಗೂ ಗೊತ್ತಿಲ್ಲ. ಮೂವರೂ ತಮ್ಮದೇ ಅಂದುಕೊಳ್ಳುತ್ತಾರೆ.

ಸಮಸ್ಯೆ

ಮೊದಲ ಓದಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಬೆಳೆಗಾರರಲ್ಲಿ ಒಬ್ಬರು ಒಂದು ಮಾತು ಕೇಳಿದರು. "ನಮ್ಮ ಜಿಲ್ಲೆಯಲ್ಲಿ ಇರೋದೇ ಇಬ್ಬರು ಶಾಸಕರು. ವೇದಿಕೆ ಮೇಲೆ ಶಾಸಕ ಬಂದ ಅಂದ್ರೆ ಜನ ಯಾರು ಅಂತ ತಿಳ್ಕೋತಾರೆ?"

ಇಡೀ ಪ್ರಕರಣದ ತಿರುಳು ಈ ಪ್ರಶ್ನೆಯಲ್ಲೇ ಇದೆ. ಬೆಂಗಳೂರಿನಲ್ಲಿ ಶಾಸಕನ ಪಾತ್ರ ಬಂದರೆ ಅದು ಒಂದು ವರ್ಗದ ಪ್ರತಿನಿಧಿ. ಕೊಡಗಿನಲ್ಲಿ ಇರುವುದು ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ವಿಧಾನಸಭಾ ಕ್ಷೇತ್ರ. ಎಂಪಿ ಮೈಸೂರಿಗೂ ಕೊಡಗಿಗೂ ಸೇರಿ ಒಬ್ಬರು. 2011ರ ಜನಗಣತಿ ಪ್ರಕಾರ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ ಚಿಲ್ಲರೆ. ಇಲ್ಲಿ ವೇದಿಕೆ ಮೇಲೆ ಶಾಸಕ ಕಾಲಿಟ್ಟ ಕೂಡಲೇ ಪ್ರೇಕ್ಷಕರ ಮನಸ್ಸಿನಲ್ಲಿ ಒಂದು ಮುಖ ಬಂದುಬಿಡುತ್ತದೆ. ಆ ಮುಖದ ಮನುಷ್ಯ ಏನೂ ಮಾಡಿಲ್ಲದಿದ್ದರೂ ಬರುತ್ತದೆ. ಮಾಡದ ತಪ್ಪಿಗೆ ಒಬ್ಬನನ್ನು ನಗೆಪಾಟಲು ಮಾಡುವುದು ವಿಡಂಬನೆ ಅಲ್ಲ, ಅನ್ಯಾಯ. ತಂಡದವರಿಗೆ ಕೇಸಿನ ಭಯಕ್ಕಿಂತ ಮೊದಲು ತಟ್ಟಿದ್ದು ಈ ವಿಚಾರ. ಅದಕ್ಕೇ ನನಗೆ ಅವರ ಮೇಲೆ ಗೌರವ.

ಹೆಸರಿನ ಕಷ್ಟ ಇನ್ನೂ ದೊಡ್ಡದು. ಕೊಡವರಿಗೂ ಅರೆಭಾಷೆ ಗೌಡರಿಗೂ ಮನೆ ಹೆಸರು ಇದೆ. ಪಾತ್ರಕ್ಕೆ ಯಾವ ಮನೆ ಹೆಸರು ಇಟ್ಟರೂ ಆ ಮನೆಯವರು ಊರಿನಲ್ಲಿ ಇದ್ದೇ ಇರುತ್ತಾರೆ. ಹೆಸರು ತೆಗೆದರೆ ಮಾತಿನ ರಾಗ ಉಳಿಯುತ್ತದೆ. ನಟ ಒಂದು ವಾಕ್ಯ ಆಡಿದರೆ ಸಾಕು, ಇವನು ನಾಪೋಕ್ಲು ಕಡೆಯವನಾ, ಸೋಮವಾರಪೇಟೆ ಕಡೆಯವನಾ, ಮನೆಯಲ್ಲಿ ಯಾವ ಮಾತು ಆಡುತ್ತಾನೆ ಅಂತ ಪ್ರೇಕ್ಷಕರು ಹೇಳಿಬಿಡುತ್ತಾರೆ. ಉಡುಪಿನದೂ ಅದೇ ಕಥೆ. ಒಬ್ಬ ನಾಯಕನಿಗೆ ಕೊಡವ ಗಂಡಸರ ಸಾಂಪ್ರದಾಯಿಕ ಉಡುಪು ಕುಪ್ಯ ಚೇಲೆ ತೊಡಿಸೋಣ, ನೋಡಲು ಗತ್ತಾಗಿರುತ್ತದೆ ಅಂತ ಕಾಲೇಜು ಹುಡುಗನೊಬ್ಬ ಹೇಳಿದ. ನಿರ್ದೇಶಕರು ಆಗಲೇ ಬೇಡ ಅಂದರು. ಮದುವೆಗೆ, ಸುಗ್ಗಿ ಹಬ್ಬ ಪುತ್ತರಿಗೆ ಹಾಕಿಕೊಳ್ಳುವ ಬಟ್ಟೆ ಅದು. ಹಗರಣದ ಪಾತ್ರಕ್ಕೆ ಹಾಕಿದರೆ ನಗೆ ರಾಜಕಾರಣಿಯನ್ನು ಬಿಟ್ಟು ಒಂದು ಸಮುದಾಯದ ಮೇಲೆ ಬೀಳುತ್ತದೆ.

ಇದರ ಮಧ್ಯೆ ಮೇಷ್ಟ್ರು ಹಿಂದೆ ಸರಿದರು. ಸರ್ಕಾರಿ ನೌಕರರು ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದು ಅಂತ ನಡತೆ ನಿಯಮ ಇದೆ. ನಾಟಕದ ಪಾತ್ರ ಟೀಕೆ ಆಗುತ್ತದಾ ಅಂತ ವಾದ ಮಾಡಬಹುದು, ಆದರೆ ಆ ವಾದವನ್ನು ನೋಟಿಸ್ ಬಂದ ಮೇಲೆ ಮಾಡಬೇಕು. ಇಬ್ಬರು ಮಕ್ಕಳ ಅಪ್ಪ ಅವರು. ಯಾರೂ ಒತ್ತಾಯ ಮಾಡಲಿಲ್ಲ. ತಂಡದ ಅತ್ಯುತ್ತಮ ನಟ ಹೀಗೆ ಹಾರ್ಮೋನಿಯಂ ಹಿಂದೆ ಹೋಗಿ ಕೂತರು.

ಏನೇನು ಮಾಡಿ ನೋಡಿದರು

ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವ ಉಪಾಯ. ಕಥೆಯನ್ನು ಇಲ್ಲದ ಜಿಲ್ಲೆಗೆ ಒಯ್ದರು. ಊರಿಗೆ ಕಲ್ಪನೆಯ ಹೆಸರು, ಪಾತ್ರಗಳಿಗೆ ಯಾರೂ ಇಟ್ಟುಕೊಳ್ಳದ ಹೆಸರು. ನಾಟಕ ಸಪ್ಪೆಯಾಯಿತು. ಹೋಂಸ್ಟೇ, ಕಾಫಿ, ಜಿಗಣೆ, ಕರೆಂಟ್ ಇಲ್ಲದ ರಾತ್ರಿಗಳು ಹೋದ ಮೇಲೆ ಉಳಿದದ್ದು ಯಾರಾದರೂ ಎಲ್ಲಾದರೂ ಆಡಬಹುದಾದ ಒಂದು ಸ್ಕಿಟ್. ಒಂದೆರಡು ತಾಲೀಮಿನಲ್ಲೇ ಅದನ್ನು ಬಿಟ್ಟರು.

ಎರಡನೆಯ ದಾರಿ ತೋರಿಸಿದ್ದು ಜೀಪ್ ಓಡಿಸುವವನು. ಮೇ ತಿಂಗಳಲ್ಲಿ ದೇವರಪುರದ ಕಡೆ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಯರವರು ವೇಷ ಹಾಕಿಕೊಂಡು ದಾರಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಾ ಕಾಸು ಕೇಳುತ್ತಾರೆ. ತೋಟದ ಮಾಲೀಕ, ಪೊಲೀಸ್, ಪ್ರವಾಸಿ ಎಲ್ಲರಿಗೂ ಬೈಗುಳ ಬೀಳುತ್ತದೆ. ದೇವರನ್ನೂ ಬಿಡುವುದಿಲ್ಲ. ವರ್ಷವಿಡೀ ತೋಟದಲ್ಲಿ ತಲೆ ತಗ್ಗಿಸಿ ದುಡಿಯುವವರಿಗೆ ಅವತ್ತು ಬಾಯಿ ಬಿಚ್ಚುವ ಹಕ್ಕು. ಅಲ್ಲಿ ಯಾರೂ ಸಿಟ್ಟಾಗಲ್ಲ ಯಾಕೆ ಅಂತ ಅವನು ಕೇಳಿದ. ಉತ್ತರವನ್ನೂ ಅವನೇ ಕೊಟ್ಟ: ಒಬ್ಬನನ್ನು ಬಿಟ್ಟು ಒಬ್ಬನನ್ನು ಬೈದರೆ ತಾನೇ ಸಿಟ್ಟು?

ಈ ಮಾತಿನಿಂದ ನಾಟಕದ ಒಂದು ಮುಖ್ಯ ನಿಯಮ ಹುಟ್ಟಿತು. ಯಾರನ್ನೂ ಬಿಡಬಾರದು. ಮೂರು ಪಕ್ಷಕ್ಕೂ ಸಮಾನ ಪಾಲು. ಟಿವಿಯವರಿಗೂ ಪಾಲು. ಸುದ್ದಿ ಫಾರ್ವರ್ಡ್ ಮಾಡುವ ನೆರೆಮನೆಯವನಿಗೂ, ಅಂದರೆ ಪ್ರೇಕ್ಷಕರಿಗೂ ಪಾಲು. ಬರೆದ ಹುಡುಗಿ ಹಳೆಯ ಪತ್ರಿಕೆಗಳನ್ನು ಕೂತು ಓದಿದಳು. ಹಗರಣ ಯಾವುದೇ ಇರಲಿ, ಪಕ್ಷ ಯಾವುದೇ ಇರಲಿ, ಹೇಳಿಕೆ ಮಾತ್ರ ಒಂದೇ ಅಂತ ಅವಳಿಗೆ ಕಂಡಿತು. ಇದು ರಾಜಕೀಯ ಪಿತೂರಿ. ವಿಡಿಯೋ ತಿರುಚಲಾಗಿದೆ. ನನಗೆ ನ್ಯಾಯಾಲಯದ ಮೇಲೆ ನಂಬಿಕೆ ಇದೆ. ಪಕ್ಷಕ್ಕೆ ಮುಜುಗರ ಆಗಬಾರದು ಅಂತ ರಾಜೀನಾಮೆ ಕೊಡುತ್ತಿದ್ದೇನೆ. ಈ ನಾಲ್ಕು ವಾಕ್ಯಗಳನ್ನು ಅವಳು ಮೂವರು ನಾಯಕರ ಬಾಯಲ್ಲೂ ಅಕ್ಷರ ಬದಲಿಸದೆ ಇಟ್ಟಳು. ಮೂರನೆಯವನು ಬಾಯಿ ತೆರೆಯುವ ಮೊದಲೇ ಪ್ರೇಕ್ಷಕರು ಹೇಳಿಕೊಡಬೇಕು ಅನ್ನುವುದು ಅವಳ ಲೆಕ್ಕ.

ಆದರೂ ಎರಡನೇ ಅಂಕ ಹಾಗೇ ಇತ್ತು. ಅದರಲ್ಲಿ ವಿಡಿಯೋ ಇರುವ ಒಂದು ಫೋನ್ ಕೈಯಿಂದ ಕೈಗೆ ಹೋಗುತ್ತದೆ. ಗನ್‌ಮ್ಯಾನ್, ಪಿಎ, ಅಡುಗೆಯವಳು, ಡ್ರೈವರ್ ಒಬ್ಬೊಬ್ಬರೂ ಇಣುಕಿ ನೋಡಿ ಒಂದೊಂದು ಮುಖ ಮಾಡುತ್ತಾರೆ. ತಾಲೀಮಿನಲ್ಲಿ ಅತಿ ಹೆಚ್ಚು ನಗೆ ಬರುತ್ತಿದ್ದದ್ದು ಇದಕ್ಕೇ.

ಆಗ 2024ರ ಏಪ್ರಿಲ್. ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಜಾರಿಯಲ್ಲಿದ್ದ ಕಾರಣ ಪ್ರದರ್ಶನವನ್ನು ಮೊದಲೇ ಮಳೆಗಾಲದ ಆಚೆಗೆ ಹಾಕಿದ್ದರು, ತಾಲೀಮು ಮಾತ್ರ ನಡೆಯುತ್ತಿತ್ತು. ಏಪ್ರಿಲ್ 26ಕ್ಕೆ ಮತದಾನ. ಅದೇ ಹೊತ್ತಿಗೆ ಪಕ್ಕದ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಬೀದಿಗೆ ಬಂದವು. ಎಷ್ಟೋ ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯದ ದೃಶ್ಯಗಳು, ಅವರ ಮುಖದ ಸಮೇತ, ಫೋನಿಂದ ಫೋನಿಗೆ ಹೋದವು.

ಮುಂದಿನ ತಾಲೀಮಿನಲ್ಲಿ ಫೋನಿನ ದೃಶ್ಯ ಬಂದಾಗ ಅಡುಗೆಯವಳ ಪಾತ್ರ ಮಾಡುತ್ತಿದ್ದ ಹೋಂಸ್ಟೇ ಅಕ್ಕ ಫೋನ್ ತೆಗೆದುಕೊಳ್ಳಲೇ ಇಲ್ಲ. "ನೀವೆಲ್ಲ ಇದನ್ನ ನೋಡಿ ನಗ್ತೀರಲ್ಲ, ನಾನು ಯಾರನ್ನ ನೋಡಿ ನಗಬೇಕು?" ಅಂದರು. ಕಾಲೇಜು ಹುಡುಗಿಯರೂ ಅವರ ಪಕ್ಕ ಬಂದು ನಿಂತರು. ನಿರ್ದೇಶಕರು ಮೊದಲು ಸಮಜಾಯಿಷಿ ಕೊಟ್ಟರು. ಫೋನ್ ಪರದೆ ಪ್ರೇಕ್ಷಕರಿಗೆ ಕಾಣಲ್ಲ, ಹೆಂಗಸಿನ ಹೆಸರೂ ಇಲ್ಲ ಅಂದರು. ಅಕ್ಕ ಕೇಳಿದ ಪ್ರಶ್ನೆಗೆ ಅದು ಉತ್ತರ ಆಗಿರಲಿಲ್ಲ. ಅವತ್ತು ತಾಲೀಮು ಅಲ್ಲಿಗೇ ನಿಂತಿತು.

ನನ್ನ ಪ್ರಕಾರ ಪ್ರಕರಣದ ದೊಡ್ಡ ತಿರುವು ಇದೇ. ಹಗರಣದ ನಾಟಕದಲ್ಲಿ ಸುಲಭದ ನಗೆ ಯಾವಾಗಲೂ ಮಂಚದ ಸುತ್ತ ಇರುತ್ತದೆ. ಆ ನಗೆಯಲ್ಲಿ ಅಧಿಕಾರ ಇರುವವನಿಗೆ ಬೀಳುವ ಏಟು ಕಡಿಮೆ, ಅವನ ಪಕ್ಕ ಇದ್ದ ಹೆಂಗಸಿಗೆ ಬೀಳುವ ಏಟು ಜಾಸ್ತಿ. ಅವನು ಒಂದೆರಡು ವರ್ಷ ಬಿಟ್ಟು ಮತ್ತೆ ಟಿಕೆಟ್ ತರಬಹುದು. ಅವಳಿಗೆ ಊರಲ್ಲಿ ತಲೆ ಎತ್ತಿ ನಡೆಯುವುದೂ ಕಷ್ಟ.

ಬರೆದ ಹುಡುಗಿ ಎರಡನೇ ಅಂಕವನ್ನು ಪೂರ್ತಿ ಕಿತ್ತು ಹಾಕಿದಳು. ಹೊಸ ಪ್ರತಿಯಲ್ಲಿ ವಿಡಿಯೋವನ್ನು ಯಾರೂ ನೋಡಿಲ್ಲ. ಹೆಂಗಸಿನ ವಿಚಾರವೇ ಇಲ್ಲ. ಒಬ್ಬ ನಾಯಕನಿಗೆ ತಾನು ಗುತ್ತಿಗೆದಾರನಿಂದ ಬ್ಯಾಗ್ ತಗೊಂಡದ್ದು ಸಿಕ್ಕಿರಬಹುದು ಅಂತ ಭಯ. ಇನ್ನೊಬ್ಬನಿಗೆ ಬೇರೆ ಪಕ್ಷದವರ ಜೊತೆ ಊಟ ಮಾಡಿದ್ದು. ಮತ್ತೊಬ್ಬನಿಗೆ ನೆರೆ ಪರಿಹಾರದ ಕಿಟ್‌ಗಳನ್ನು ಹೋಂಸ್ಟೇ ಗೋಡೌನಿನಲ್ಲಿ ಇಳಿಸಿದ್ದು. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಈ ಮೂರನೆಯದು ಎಷ್ಟು ಚುಚ್ಚುತ್ತದೆ ಅಂತ ವಿವರಿಸಬೇಕಿಲ್ಲ. ಮೂವರೂ ತಮ್ಮನ್ನು ಉಳಿಸಿಕೊಳ್ಳಲು ಓಡಾಡುತ್ತಾ, ಯಾರೂ ಕೇಳದಿದ್ದರೂ ತಮ್ಮ ತಪ್ಪನ್ನು ತಾವೇ ಒಬ್ಬೊಬ್ಬರ ಮುಂದೆ ಹೇಳಿಕೊಳ್ಳುತ್ತಾರೆ. ಕೊನೆಗೆ ಪೊಲೀಸರ ಎದುರು ಸಿಸಿಟಿವಿ ಹಾಕಿದರೆ ಅದರಲ್ಲಿ ಏನೂ ಇಲ್ಲ. ಮಳೆಗೆ ಮರ ಬಿದ್ದು ಮೂರು ದಿನದಿಂದ ಕರೆಂಟೇ ಇರಲಿಲ್ಲ. ಇದನ್ನು ಹೇಳಿಕೊಟ್ಟವರು ಅದೇ ಹೋಂಸ್ಟೇ ಅಕ್ಕ. ಅವರ ಮನೆಯಲ್ಲಿ ಪ್ರತಿ ಜುಲೈ ನಡೆಯುವುದೇ ಅದು.

ಶಾಸಕ ಅನ್ನುವ ಪದವೂ ಹೋಯಿತು. ವೇದಿಕೆ ಮೇಲೆ ನಾಯಕರು ಕಾಣಿಸುವುದು ಬಾಗಿಲ ಸಂದಿಯಲ್ಲಿ, ಕೊಡೆ ಹಿಂದೆ, ಕಂಬಳಿ ಹೊದ್ದುಕೊಂಡು ಮಾತ್ರ. ಪ್ರೇಕ್ಷಕರ ಎದುರು ಇಡೀ ಹೊತ್ತು ಇರುವವರು ಪಿಎ, ಗನ್‌ಮ್ಯಾನ್, ಡ್ರೈವರ್, ಅಡುಗೆಯವಳು. ಯಾವ ನಟನ ಮುಖವೂ ಯಾವ ನಾಯಕನ ಮುಖವೂ ಆಗಲಿಲ್ಲ. ಮುಚ್ಚಿಡುವ ಕೆಲಸ ಮಾಡುವವರು ಹೇಗಿರುತ್ತಾರೆ ಅನ್ನುವುದು ಮಾತ್ರ ಚೆನ್ನಾಗಿ ಕಂಡಿತು.

ವಕೀಲರ ಹತ್ತಿರ ಹೋದದ್ದು ಇದಾದ ಮೇಲೆ. ಅವರು ಹೇಳಿದ್ದನ್ನು ಚುಟುಕಾಗಿ ಬರೆಯುತ್ತೇನೆ. 2024ರ ಜುಲೈ 1ರಿಂದ ಮಾನನಷ್ಟ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. ಹೆಸರು ಹೇಳದಿದ್ದರೂ ಯಾರು ಅಂತ ಗೊತ್ತಾಗುವ ಹಾಗಿದ್ದರೆ ಕೇಸು ಹಾಕಬಹುದು. ನಿಜ ಅಂತ ತೋರಿಸಿದರೆ ಸಾಲದು, ಸಾರ್ವಜನಿಕರ ಹಿತಕ್ಕಾಗಿ ಹೇಳಿದ್ದು ಅಂತಲೂ ತೋರಿಸಬೇಕು. ಅಧಿಕಾರದಲ್ಲಿರುವವರು ಸಾರ್ವಜನಿಕ ಕೆಲಸದಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳುವುದಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗ ಮಾಡುವುದು 72ನೇ ಸೆಕ್ಷನ್ ಪ್ರಕಾರ ಅಪರಾಧ. ಹೊಸ ಪ್ರತಿ ಓದಿ ಅವರು ಕೈ ಹಾಕಿದ್ದು ಎರಡೇ ಸಾಲಿಗೆ.

ಏನಾಯಿತು

ತಾಲೀಮು ನಡೆಯುವ ಜಾಗಕ್ಕೆ ಒಬ್ಬ ಸ್ಥಳೀಯ ನಾಯಕರ ಕಡೆಯ ನಾಲ್ವರು ಬಂದರು. ನಮ್ಮವರ ಬಗ್ಗೆ ನಾಟಕವಂತೆ, ಸ್ಕ್ರಿಪ್ಟ್ ಕೊಡಿ ಅಂದರು. ತಂಡದಲ್ಲಿ ಎರಡು ಅಭಿಪ್ರಾಯ. ಕೊಟ್ಟುಬಿಡೋಣ, ಮುಚ್ಚಿಡುವಂಥದ್ದು ಏನಿದೆ ಅಂತ ಕೆಲವರು. ಇವತ್ತು ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅಂತ ಕೆಲವರು. ನಿರ್ದೇಶಕರು ಸ್ಕ್ರಿಪ್ಟ್ ಕೊಡಲಿಲ್ಲ. ಕೂತು ನೋಡಿ, ಈಗಲೇ ಪೂರ್ತಿ ಆಡಿ ತೋರಿಸ್ತೀವಿ ಅಂದರು.

ಇದು ಜಾಣತನದ ನಿರ್ಧಾರ. ಕಾಗದದ ಮೇಲಿನ ವಾಕ್ಯವನ್ನು ಅಡಿಗೆರೆ ಎಳೆದು ತಪ್ಪು ಹುಡುಕಬಹುದು. ನಾಟಕ ನೋಡುತ್ತಾ ಕೂತವನು ಮೊದಲು ನಗುತ್ತಾನೆ. ಆ ನಾಲ್ವರೂ ಬೇರೆ ಪಕ್ಷದ ನಾಯಕ ಓಡಾಡುವಾಗ ಚಪ್ಪಾಳೆ ಹೊಡೆದರು. ತಮ್ಮ ಸರದಿ ಬಂದಾಗ ಸುಮ್ಮನಾದರು. ಆಮೇಲೆ ಅವರಲ್ಲಿ ಹಿರಿಯ, ಪಿತೂರಿ ಅನ್ನುವ ಮಾತು ನಮ್ಮವರೇ ಹೇಳಿದ್ದು, ಅದನ್ನು ತೆಗೆಯಿರಿ ಅಂದರು. ಮೂವರೂ ಅದನ್ನೇ ಹೇಳ್ತಾರಲ್ಲಾ, ಯಾರ ಬಾಯಿಂದ ತೆಗೀಲಿ ಅಂತ ಹುಡುಗಿ ಕೇಳಿದಳು. ಅವರು ಇನ್ನೊಂದು ಕಾಫಿ ಕುಡಿದು ಹೋದರು. ಮತ್ತೆ ಬರಲಿಲ್ಲ.

ದುಡ್ಡಿನ ವಿಚಾರದಲ್ಲೂ ಒಂದು ಗಟ್ಟಿ ನಿರ್ಧಾರ ಆಯಿತು. ಪ್ರಾಯೋಜಕರು ಬೇಡ. ಉದ್ಘಾಟನೆ, ಅತಿಥಿ, ಹಾರ, ಶಾಲು ಯಾವುದೂ ಬೇಡ. ನಮ್ಮಲ್ಲಿ ಸಭಾ ಕಾರ್ಯಕ್ರಮ ಇಲ್ಲದೆ ನಾಟಕ ಶುರುವಾಗುವುದೇ ಅಪರೂಪ, ಅಲ್ವಾ? ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತ ನಾಯಕರ ಮುಂದೆ ಈ ನಾಟಕ ಆಡಿದರೆ ಪ್ರೇಕ್ಷಕರು ವೇದಿಕೆ ನೋಡುವುದಿಲ್ಲ, ಅವರ ಮುಖ ನೋಡುತ್ತಾರೆ. ಟಿಕೆಟ್ ಇಟ್ಟರು. ಸಾಲದ್ದಕ್ಕೆ ಸದಸ್ಯರೇ ಕೈಯಿಂದ ಹಾಕಿದರು.

ತುಲಾ ಸಂಕ್ರಮಣ ಕಳೆದ ಮೇಲೆ, ಪುತ್ತರಿಗೆ ಮೊದಲು ಮೊದಲ ಪ್ರದರ್ಶನ. ಕಾಫಿ ಕೊಯ್ಲು ಜೋರಾದರೆ ಜನ ಸಿಗಲ್ಲ. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಆನೆ ಓಡಾಡುವ ದಾರಿಯಲ್ಲಿ ತಡವಾಗಿ ಮನೆಗೆ ಹೋಗಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ಸಂಜೆ ಆರಕ್ಕೆ ಶುರು, ವಿರಾಮ ಇಲ್ಲ. ನಾಟಕವನ್ನು ಒಂದೂವರೆ ಗಂಟೆಗೆ ಇಳಿಸಿದ್ದರಿಂದ ಓಟ ಬಿಗಿಯಾಯಿತು.

ಜನ ಮೊದಲ ಹತ್ತು ನಿಮಿಷ ನಗಲಿಲ್ಲ. ಇದು ಯಾರು, ಇದು ಯಾರು ಅಂತ ಪಿಸುಗುಟ್ಟುತ್ತಾ ಕೂತಿದ್ದರು. ಎರಡನೇ ನಾಯಕ ಮೊದಲನೆಯವನ ಹೇಳಿಕೆಯನ್ನೇ ಒಪ್ಪಿಸಿದಾಗ ಹುಡುಕಾಟ ನಿಂತಿತು. ಮೂರನೆಯವನು ಕಂಬಳಿಯಿಂದ ತಲೆ ಹೊರಗೆ ಹಾಕಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ "ಪಿತೂರಿ!" ಅಂತ ಕೂಗಿದ. ಹಾಲ್ ಪೂರ್ತಿ ಸಿಡಿಯಿತು. ಬರೆದ ಹುಡುಗಿ ಕಾಯುತ್ತಿದ್ದ ಕ್ಷಣ ಅದು.

ಪರಿಹಾರ ಕಿಟ್‌ಗಳ ಮಾತು ಬಂದಾಗ ಮಾತ್ರ ನಗೆ ಬರಲಿಲ್ಲ. ಮಡಿಕೇರಿ ತಾಲ್ಲೂಕಿನ ಒಂದು ಊರಿನ ಪ್ರದರ್ಶನದಲ್ಲಿ ಕೆಲವರು ಎದ್ದು ಹೊರಗೆ ಹೋದರು. ಅವರು ಮನೆ ಕಳೆದುಕೊಂಡವರು ಅಂತ ಆಮೇಲೆ ಗೊತ್ತಾಯಿತು. ಸಾಲನ್ನು ಇಡಬೇಕಾ ತೆಗೆಯಬೇಕಾ ಅಂತ ತಂಡದಲ್ಲಿ ಜಗಳವೇ ಆಯಿತು. ಕೊನೆಗೆ ಆ ಸಾಲು ಉಳಿಯಿತು, ಆದರೆ ಅದನ್ನು ನಗೆಯ ವೇಗದಿಂದ ಹೊರಗೆ ತಂದರು. ಡ್ರೈವರ್ ಪಾತ್ರದವನು ನಿಂತು, ನಿಧಾನವಾಗಿ, ಯಾರ ಕಡೆಯೂ ನೋಡದೆ ಹೇಳುತ್ತಾನೆ. ನನಗೆ ಈ ಬದಲಾವಣೆ ನಾಟಕದ ಅತಿ ಒಳ್ಳೆಯ ಭಾಗ ಅನ್ನಿಸುತ್ತದೆ.

ಎಲ್ಲವೂ ಸುಸೂತ್ರ ಆಗಲಿಲ್ಲ. ಒಂದು ಊರಿನ ಸಭಾಂಗಣದವರು ಮುಂಗಡ ವಾಪಸ್ ಕೊಟ್ಟು, ರಿಪೇರಿ ಇದೆ ಅಂದರು. ಅದೇ ವಾರ ಅಲ್ಲಿ ಮದುವೆ ನಡೆಯಿತು. ತಂಡ ಜಗಳಕ್ಕೆ ಹೋಗಲಿಲ್ಲ. ಹತ್ತಿರದ ಒಂದು ತೋಟದ ಕಣದಲ್ಲಿ ಆಡಿದರು. ಲೈನ್ ಮನೆಗಳಿಂದ ಬಂದ ಕೆಲಸಗಾರರು ನಾಯಕರಿಗಿಂತ ಡ್ರೈವರನಿಗೂ ಅಡುಗೆಯವಳಿಗೂ ಹೆಚ್ಚು ನಕ್ಕರು. ಹಾಲ್‌ನಲ್ಲಿ ಸಿಗದ ಒಂದು ನಗೆ ಅಲ್ಲಿ ಸಿಕ್ಕಿತು: ಸಾಹೇಬರ ಗುಟ್ಟು ಸಾಹೇಬರಿಗಿಂತ ಚೆನ್ನಾಗಿ ಗೊತ್ತಿರುವವರ ನಗೆ.

ಯಾರೂ ಊಹಿಸದ ಪೆಟ್ಟು ಆಮೇಲೆ ಬಂತು. ಯಾರೋ ಪ್ರದರ್ಶನದ ಒಂದು ನಿಮಿಷಕ್ಕೂ ಕಡಿಮೆಯ ತುಣುಕನ್ನು ಫೋನಿನಲ್ಲಿ ಹಿಡಿದು, ಮೇಲೆ ಒಬ್ಬ ನಾಯಕರ ಹೆಸರು ಬರೆದು ವಾಟ್ಸಾಪ್‌ಗೆ ಬಿಟ್ಟರು. ಕಂಬಳಿ ಹೊದ್ದ ಪಾತ್ರ ಇವರೇ ಅಂತ. ಇಷ್ಟು ದಿನ ತಪ್ಪಿಸಿಕೊಂಡು ಬಂದದ್ದು ಒಂದೇ ರಾತ್ರಿಯಲ್ಲಿ ಎದುರಿಗೆ ನಿಂತಿತು. ತಂಡ ಬೆಳಗಾಗುವವರೆಗೆ ಕಾಯಲಿಲ್ಲ. ಮೂವರು ನಾಯಕರೂ ಅದೇ ಮಾತು ಹೇಳುವ ಪೂರ್ತಿ ದೃಶ್ಯವನ್ನು ತಾವೇ ಹಂಚಿದರು. ಆ ನಾಯಕರ ಕಚೇರಿಗೆ ನಿರ್ದೇಶಕರು ಫೋನ್ ಮಾಡಿ, ಹೆಸರು ನಾವು ಬರೆದದ್ದಲ್ಲ, ಬೇಕಾದರೆ ನಾಟಕ ಪೂರ್ತಿ ನೋಡಿ ಅಂದರು. ಕೇಸು ಆಗಲಿಲ್ಲ. ಪೂರ್ತಿ ದೃಶ್ಯ ಕೈಯಲ್ಲಿ ಇರದಿದ್ದರೆ ಏನಾಗುತ್ತಿತ್ತೋ.

ಇದರಿಂದ ತಿಳಿದದ್ದು

ತಂಡದ ಹಿರಿಯ ನಟರೊಬ್ಬರಿಗೆ ಈಗಲೂ ಅಸಮಾಧಾನ ಇದೆ. ಯಾರ ಮುಖವೂ ಕಾಣದ ವಿಡಂಬನೆಗೆ ಹಲ್ಲು ಇರಲ್ಲ, ನಾಯಕರು ನೋಡಿ ನಕ್ಕು ಹೋದರೆ ಏನು ಬಂತು ಅಂತ ಅವರ ವಾದ. ಇದನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಒಬ್ಬನ ಮೇಲೆ ಸಾಬೀತಾದ ತಪ್ಪು ಇದ್ದರೆ ಅವನ ಹೆಸರು ಹಿಡಿದೇ ಆಡುವ ನಾಟಕವೂ ಬೇಕು. ಆದರೆ ಅದಕ್ಕೆ ದಾಖಲೆ ಬೇಕು, ಕೋರ್ಟಿಗೆ ಅಲೆಯುವ ಶಕ್ತಿ ಬೇಕು. ಸಂಜೆ ಕೆಲಸ ಮುಗಿಸಿ ತಾಲೀಮಿಗೆ ಬರುವವರಲ್ಲಿ ಅದು ಇರಲಿಲ್ಲ. ಇದ್ದ ಶಕ್ತಿಯಲ್ಲಿ ಅವರು ಆರಿಸಿಕೊಂಡ ಗುರಿ ಸರಿಯಾಗಿತ್ತು ಅಂತ ನನ್ನ ನಂಬಿಕೆ. ತಪ್ಪು ಮಾಡಿದವರು ಬೇರೆ ಬೇರೆ, ಅದನ್ನು ಮುಚ್ಚುವ ರೀತಿ ಮಾತ್ರ ಎಲ್ಲ ಕಡೆ ಒಂದೇ. ಅದನ್ನು ತೋರಿಸಲು ಯಾರ ಹೆಸರೂ ಬೇಕಾಗಲಿಲ್ಲ.

ಬೇರೆ ತಂಡದವರಿಗೆ ನಾನು ಹೇಳುವುದು ಇಷ್ಟು. ಪಾತ್ರ ಹಂಚುವ ಮೊದಲು, ನಿಮ್ಮ ಊರಿನಲ್ಲಿ ಆ ಹುದ್ದೆಯವರು ಎಷ್ಟು ಜನ ಇದ್ದಾರೆ ಅಂತ ನೋಡಿ. ತಂಡದ ಹೆಂಗಸರು ಯಾವ ದೃಶ್ಯದಲ್ಲಿ ನಗುತ್ತಿಲ್ಲ ಅಂತ ಗಮನಿಸಿ, ಅವರು ಹೇಳುವವರೆಗೆ ಕಾಯಬೇಡಿ. ಸರ್ಕಾರಿ ಕೆಲಸದಲ್ಲಿ ಇರುವವರಿಗೆ ಅವರ ತೊಂದರೆಯನ್ನು ಮೊದಲ ದಿನವೇ ತಿಳಿಸಿ. ಪ್ರದರ್ಶನದ ಪೂರ್ತಿ ರೆಕಾರ್ಡಿಂಗ್ ನಿಮ್ಮ ಹತ್ತಿರ ಇರಲಿ, ಅವತ್ತೇ ಹಂಚಲು ಸಿದ್ಧವಾಗಿರಲಿ.

ತಂಡ ಈಗ ಮುಂದಿನ ನಾಟಕ ಬರೆಯುತ್ತಿದೆ. ವಿಷಯ ಪರಿಹಾರದ ಹಣ. ಈ ಸಲ ಹೋಂಸ್ಟೇ ಅಕ್ಕ ಬರೆಯುವವರ ಜೊತೆ ಮೊದಲ ದಿನದಿಂದಲೇ ಕೂತಿದ್ದಾರೆ. ಮನೆ ಕಳೆದುಕೊಂಡ ಇಬ್ಬರ ಜೊತೆ ಮಾತಾಡಿ ಬಂದಿದ್ದಾರೆ. ಮೇಷ್ಟ್ರು ಈ ಸಲವೂ ವೇದಿಕೆ ಹತ್ತುವುದಿಲ್ಲ, ಸಂಗೀತ ಅವರದೇ.